ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ಎಷ್ಟು ದೂರ? ಎಷ್ಟು ಹೊತ್ತು?

ತಲೆಯ ಮೇಲೆ ವಿಮಾನದ ಸದ್ದು ಕೇಳಿದರೆ ನಾವೆಲ್ಲ ಒಮ್ಮೆ ಕತ್ತೆತ್ತಿ ನೋಡುತ್ತೇವೆ. ಗದ್ದೆಯಲ್ಲಿ ನೇಜಿ ನೆಡುವವರೂ ಸೊಂಟ ನೆಟ್ಟಗೆ ಮಾಡಿ ನೋಡುತ್ತಾರೆ. ಮಕ್ಕಳು ಕೈ ಬೀಸುತ್ತಾರೆ. ಮೊದಲು ವಿಮಾನ ಎಂದರೆ ದೊಡ್ಡವರ ಸಂಗತಿ. ಈಗ ಹಾಗಿಲ್ಲ. ನಮ್ಮ ಕರಾವಳಿಯಲ್ಲಿ ಗಲ್ಫಿಗೆ ದುಡಿಯಲು ಹೋದವರಿಲ್ಲದ ಊರು ಕಡಿಮೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದ ತಾಯಂದಿರೂ ಇದ್ದಾರೆ.

ಹಾಗಾದರೆ ಈ ದೂರದ ಊರುಗಳು ಎಷ್ಟು ದೂರ? ಅಲ್ಲಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಟಿಕೆಟ್ಟಿನಲ್ಲಿ ಬರೆದ ಗಂಟೆಯನ್ನು ಓದುವುದು ಹೇಗೆ? ನಾವು ಒಂದು ದಾರಿಯನ್ನು ಹಿಡಿದು ಲೆಕ್ಕ ಹಾಕೋಣ. ಈ ಕಡೆ ನಮ್ಮ ಬೆಂಗಳೂರು. ಆ ಕಡೆ ಅಮೆರಿಕದ ಪಡುವಣ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ. ಕಂಪ್ಯೂಟರ್ ಕೆಲಸಕ್ಕೆ ಹೋದ ಕನ್ನಡದವರು ಆ ಊರಿನ ಸುತ್ತಮುತ್ತ ಬಹಳ ಮಂದಿ ಇದ್ದಾರೆ.

ನೇರ ದೂರ ಸುಮಾರು 14,000 ಕಿಲೋಮೀಟರ್. ಇದು ಎಷ್ಟು ದೊಡ್ಡ ಸಂಖ್ಯೆ? ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ಇದೆ. 14,000ವನ್ನು 350ರಿಂದ ಭಾಗಿಸಿ. 40 ಬಂತು. ಅಂದರೆ ಮಂಗಳೂರು–ಬೆಂಗಳೂರು ದಾರಿಯನ್ನು 40 ಸಲ ಉದ್ದಕ್ಕೆ ಜೋಡಿಸಿದ ಹಾಗೆ. ಘಟ್ಟ ಹತ್ತುವ ರಾತ್ರಿ ಬಸ್ಸಿಗೆ ಒಂದು ಸಲಕ್ಕೆ 8 ಗಂಟೆ ಎಂದಿಟ್ಟುಕೊಳ್ಳಿ. 40 ಸಲಕ್ಕೆ 320 ಗಂಟೆ. ಊಟಕ್ಕೂ ನಿಲ್ಲಿಸದೆ ಓಡಿದರೂ 13 ದಿನ, ಮೇಲೆ 8 ಗಂಟೆ! ನಡುವೆ ಸಮುದ್ರ ಬೇರೆ ಇದೆ. ಬಸ್ಸು ಹೋಗುವ ಮಾತೇ ಇಲ್ಲ ಬಿಡಿ.

ದೊಡ್ಡ ವಿಮಾನ ಮೇಲಕ್ಕೆ ಏರಿದ ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಆದರೆ ನಿಜವಾಗಿ 16, 17 ಗಂಟೆ ಹಿಡಿಯುತ್ತದೆ. ಯಾಕೆ? ವಿಮಾನ ಮನೆ ಬಾಗಿಲಿನಿಂದಲೇ 900ರ ವೇಗದಲ್ಲಿ ಹೊರಡುವುದಿಲ್ಲ. ನಿಲ್ದಾಣದಲ್ಲಿ ನಿಧಾನವಾಗಿ ಉರುಳಿ ರನ್‌ವೇಗೆ ಬರಬೇಕು. ಸರದಿ ಕಾಯಬೇಕು. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ದಾರಿಯಲ್ಲಿ ಗುಡುಗು ಮೋಡ ಸಿಕ್ಕರೆ ಸುತ್ತು ಹಾಕಬೇಕು. ಜೊತೆಗೆ ಗಾಳಿಯ ಲೆಕ್ಕವೂ ಇದೆ. ಅದನ್ನು ಮುಂದೆ ನೋಡೋಣ.

ಈಗ ಒಂದು ಪ್ರಶ್ನೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಹೋಗಬೇಕಾದರೆ ಯಾವ ದಿಕ್ಕಿಗೆ ಹೋಗಬೇಕು? ಗೋಡೆಯ ಮೇಲಿನ ಭೂಪಟ ನೋಡಿದವರು ಪಶ್ಚಿಮಕ್ಕೆ ಎನ್ನುತ್ತಾರೆ. ಕೆಲವರು ಪೂರ್ವಕ್ಕೆ ಎನ್ನುತ್ತಾರೆ. ಎರಡೂ ಹತ್ತಿರದ ದಾರಿ ಅಲ್ಲ. ಹತ್ತಿರದ ದಾರಿ ಉತ್ತರಕ್ಕೆ ಇದೆ!

ನಂಬಿಕೆ ಬರುವುದಿಲ್ಲವೇ? ಮಕ್ಕಳ ಒಂದು ರಬ್ಬರ್ ಚೆಂಡು ತನ್ನಿ. ಒಂದು ನೂಲು ತನ್ನಿ. ಚೆಂಡೇ ಭೂಮಿ. ಚೆಂಡಿನ ಸೊಂಟಕ್ಕೆ ಸುತ್ತ ಒಂದು ಗೆರೆ ಎಳೆಯಿರಿ. ಅದು ಭೂಮಧ್ಯ ರೇಖೆ. ಚೆಂಡಿನ ನೆತ್ತಿಯೇ ಉತ್ತರ ಧ್ರುವ. ಸೊಂಟದ ಗೆರೆಯಿಂದ ಸ್ವಲ್ಪ ಮೇಲೆ ಒಂದು ಚುಕ್ಕೆ ಇಡಿ. ಅದು ಬೆಂಗಳೂರು. ಚೆಂಡನ್ನು ತಿರುಗಿಸಿ. ಹಿಂದಿನ ಬದಿಯಲ್ಲಿ, ಸೊಂಟಕ್ಕೂ ನೆತ್ತಿಗೂ ನಡುವೆ, ಅರ್ಧಕ್ಕಿಂತ ತುಸು ಕೆಳಗೆ ಇನ್ನೊಂದು ಚುಕ್ಕೆ ಇಡಿ. ಅದು ಸ್ಯಾನ್ ಫ್ರಾನ್ಸಿಸ್ಕೋ. ಈ ಎರಡು ಊರುಗಳು ಭೂಮಿಯ ಹೆಚ್ಚು ಕಡಿಮೆ ಎದುರು ಬದಿರು ಮಗ್ಗುಲಲ್ಲಿ ಇವೆ.

ಈಗ ನೂಲು ಹಿಡಿದು ಅಳೆಯಿರಿ. ಒಮ್ಮೆ ಪಕ್ಕದಿಂದ ಸುತ್ತಿಸಿ ಅಳೆಯಿರಿ. ಒಮ್ಮೆ ನೆತ್ತಿಯ ಹತ್ತಿರದಿಂದ ಅಳೆಯಿರಿ. ಯಾವ ನೂಲು ಗಿಡ್ಡ? ನೆತ್ತಿಯ ಹತ್ತಿರ ಹೋದದ್ದೇ ಗಿಡ್ಡ. ನಿಜವಾದ ಭೂಮಿಯಲ್ಲೂ ಹಾಗೆಯೇ. ಪಕ್ಕದಿಂದ ಸುತ್ತಿ ಹೋದರೆ ದಾರಿ 16,000 ಕಿ.ಮೀ. ದಾಟುತ್ತದೆ. ಉತ್ತರ ಧ್ರುವದ ಹತ್ತಿರದಿಂದ ಹೋದರೆ 14,000ಕ್ಕೆ ಮುಗಿಯುತ್ತದೆ. ಭೂಪಟವು ಉರುಟು ಭೂಮಿಯನ್ನು ಚಪ್ಪಟೆ ಮಾಡಿ ತೋರಿಸುತ್ತದೆ. ಅದಕ್ಕೇ ಅದರ ಮೇಲೆ ಸ್ಕೇಲು ಇಟ್ಟು ಎಳೆದ ಗೆರೆ ಹತ್ತಿರದ ದಾರಿ ಆಗುವುದಿಲ್ಲ. ಶಾಲೆಯಲ್ಲಿ ಗೋಳ ಇದ್ದರೆ ಒಮ್ಮೆ ಹೋಗಿ ನೂಲು ಹಿಡಿದು ನೋಡಿ. ಮೇಷ್ಟ್ರು ಬೇಡ ಎನ್ನಲಾರರು.

ಈ ದಾರಿಯಲ್ಲಿ ಹಾರಿ ಬಂದವರು ಯಾರು ಗೊತ್ತೇ? 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಒಂದು ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟಿತು. ಉತ್ತರ ಧ್ರುವದ ಮೇಲಿನಿಂದ ಹಾರಿ ಬೆಂಗಳೂರಿಗೆ ಬಂದು ಇಳಿಯಿತು. ನಡುವೆ ಎಲ್ಲೂ ನಿಲ್ಲಲಿಲ್ಲ. ಅದನ್ನು ನಡೆಸಿದ ನಾಲ್ವರು ಪೈಲಟರೂ ಹೆಂಗಸರು. ಮುಖ್ಯ ಪೈಲಟ್ ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಜೊತೆಯಲ್ಲಿ ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ನಾಲ್ಕು ಜನ ಯಾಕೆ? 17 ಗಂಟೆ ಒಬ್ಬರೇ ಎಚ್ಚರ ಇರಲು ಆಗುವುದಿಲ್ಲ. ಸರದಿಯ ಮೇಲೆ ಇಬ್ಬರು ನಡೆಸುತ್ತಾರೆ, ಇಬ್ಬರು ಮಲಗುತ್ತಾರೆ. ‘ಹೆಂಗಸರಿಗೆ ಸೈಕಲ್ ಯಾಕೆ’ ಎಂದು ಕೇಳುತ್ತಿದ್ದವರನ್ನು ನಾವು ಕಂಡಿದ್ದೇವೆ. ಅವರಿಗೆ ಈ ಸುದ್ದಿ ಓದಿ ಹೇಳಬೇಕು.

ಅಷ್ಟು ದೂರ ಹಾರಲು ಎಣ್ಣೆ ಬೇಕಲ್ಲ? ಇಂಥ ವಿಮಾನದ ಟ್ಯಾಂಕಿಗೆ ಒಂದು ಲಕ್ಷ ಲೀಟರಿಗೂ ಹೆಚ್ಚು ಹಿಡಿಸುತ್ತದೆ. ಟ್ಯಾಂಕು ಇರುವುದು ಹೆಚ್ಚಾಗಿ ರೆಕ್ಕೆಯ ಒಳಗೆ. ವಿಮಾನ ಹಾರುವುದು 10, 11 ಕಿ.ಮೀ. ಎತ್ತರದಲ್ಲಿ. ಎವರೆಸ್ಟ್ ಶಿಖರ 9 ಕಿ.ಮೀ. ಕೂಡ ಇಲ್ಲ. ಅಷ್ಟು ಎತ್ತರದಲ್ಲಿ ಹೊರಗಿನ ಚಳಿ ಸೊನ್ನೆಗಿಂತ 50 ಡಿಗ್ರಿ ಕೆಳಗೆ ಇರುತ್ತದೆ. ಧ್ರುವದ ಕಡೆ ಇನ್ನೂ ಹೆಚ್ಚು ಇರಬಹುದು. ಚಳಿಗಾಲದಲ್ಲಿ ತೆಂಗಿನೆಣ್ಣೆ ಗಟ್ಟಿಯಾಗುವುದು ನಮಗೆಲ್ಲ ಗೊತ್ತು. ವಿಮಾನದ ಎಣ್ಣೆಯೂ ವಿಪರೀತ ಚಳಿಗೆ ಗಟ್ಟಿಯಾಗಬಹುದು. ಅದಕ್ಕೆ ಪೈಲಟರು ಎಣ್ಣೆಯ ಚಳಿಯನ್ನು ಅಳೆಯುತ್ತಲೇ ಇರುತ್ತಾರೆ. ತುಂಬಾ ತಣ್ಣಗಾದರೆ ಎತ್ತರ ಬದಲಿಸುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ.

ಇನ್ನು ಗಾಳಿ. ಹೊಳೆಯಲ್ಲಿ ದೋಣಿ ಹಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನೀರು ಹರಿಯುವ ಕಡೆಗೆ ಹೋದರೆ ದೋಣಿ ಬೇಗ ಮುಟ್ಟುತ್ತದೆ. ಎದುರಿಗೆ ಹೋದರೆ ತೋಳು ಸೋಲುತ್ತದೆ, ಹೊತ್ತೂ ಹೋಗುತ್ತದೆ. ಆಕಾಶದಲ್ಲೂ ಅಂಥ ಹೊಳೆ ಇದೆ. ಆದರೆ ಅದು ಗಾಳಿಯ ಹೊಳೆ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಕೆಲವೊಮ್ಮೆ ಗಂಟೆಗೆ 200 ಕಿ.ಮೀ. ಕೂಡ ದಾಟುತ್ತದೆ.

ಬೆಂಗಳೂರಿನಿಂದ ಲಂಡನ್ನಿಗೆ ಸುಮಾರು 8,000 ಕಿ.ಮೀ. ವಿಮಾನದ ವೇಗ 900 ಎಂದುಕೊಳ್ಳಿ. ದಾರಿಯುದ್ದಕ್ಕೂ ಎದುರು ಗಾಳಿ 100 ಇದ್ದರೆ ಉಳಿಯುವುದು 800. 8,000 ಭಾಗಿಸು 800, ಅಂದರೆ 10 ಗಂಟೆ. ಬರುವಾಗ ಅದೇ ಗಾಳಿ ಬೆನ್ನಿಗೆ ಬಂದರೆ ವೇಗ 1,000. ಆಗ 8 ಗಂಟೆ ಸಾಕು. ಇದು ನಮ್ಮ ಲೆಕ್ಕಕ್ಕೆ ಹಾಕಿಕೊಂಡ ಗಾಳಿ. ನಿಜವಾದ ಗಾಳಿ ದಿನಕ್ಕೊಂದು ಬಗೆ. ಆದರೂ ಯುರೋಪಿಗೆ ಹೋಗುವುದಕ್ಕಿಂತ ಬರುವುದಕ್ಕೆ ಸಾಮಾನ್ಯವಾಗಿ ಹೊತ್ತು ಕಡಿಮೆ. ಒಂದೇ ದಾರಿಗೆ ಟಿಕೆಟ್ಟಿನಲ್ಲಿ ಎರಡು ಹೊತ್ತು ಕಂಡರೆ ಅಚ್ಚುತಪ್ಪು ಎಂದುಕೊಳ್ಳಬೇಡಿ.

ಇಲ್ಲಿ ಒಂದು ಚಂದದ ಪ್ರಶ್ನೆ ಬರುತ್ತದೆ. ರಾತ್ರಿ ಪಾಠಕ್ಕೆ ಬರುವ ಅಕ್ಕಂದಿರು ನಮ್ಮಲ್ಲಿ ಇದನ್ನು ಕೇಳಿದ್ದುಂಟು. “ಭೂಮಿ ತಿರುಗ್ತದೆ ಅಂತೀರಲ್ಲ? ಹಾಗಾದ್ರೆ ವಿಮಾನ ಮೇಲೆ ಹೋಗಿ ಸುಮ್ನೆ ನಿಂತ್ರೆ ಸಾಕಲ್ಲ. ಅಮೆರಿಕವೇ ಕೆಳಗೆ ಬರ್ತದೆ!” ಕೇಳಲು ಸರಿಯಾಗಿಯೇ ಇದೆ. ಆದರೆ ಹಾಗೆ ಆಗುವುದಿಲ್ಲ. ಓಡುವ ಬಸ್ಸಿನೊಳಗೆ ಒಂದು ಮಗು ಚೆಂಡನ್ನು ಮೇಲಕ್ಕೆ ಎಸೆಯುತ್ತದೆ. ಚೆಂಡು ಹಿಂದಿನ ಸೀಟಿಗೆ ಹೋಗಿ ಬೀಳುತ್ತದೆಯೇ? ಇಲ್ಲ. ಮಗುವಿನ ಕೈಗೇ ಬರುತ್ತದೆ. ಯಾಕೆಂದರೆ ಮಗು, ಚೆಂಡು, ಒಳಗಿನ ಗಾಳಿ ಎಲ್ಲವೂ ಬಸ್ಸಿನ ಜೊತೆಗೇ ಓಡುತ್ತಿವೆ. ಹಾಗೆಯೇ ಭೂಮಿಯ ಜೊತೆ ಅದರ ಗಾಳಿಯೂ ತಿರುಗುತ್ತದೆ. ಗಾಳಿಯಲ್ಲಿರುವ ವಿಮಾನವೂ ಅದರ ಜೊತೆಗೇ ಇರುತ್ತದೆ. ಕೂತಲ್ಲಿಗೆ ಅಮೆರಿಕ ಬರುವುದಿಲ್ಲ. ಎಣ್ಣೆ ಸುಟ್ಟೇ ಹೋಗಬೇಕು.

ಆಕಾಶಕ್ಕೆ ಬೇಲಿ ಇಲ್ಲ ಎನ್ನುತ್ತಾರೆ. ಅದು ಮಾತಿಗೆ ಮಾತ್ರ. ಪ್ರತಿ ದೇಶದ ಮೇಲಿನ ಆಕಾಶ ಆ ದೇಶಕ್ಕೆ ಸೇರಿದ್ದು. ಬೇರೆ ದೇಶದ ವಿಮಾನ ಅಲ್ಲಿ ಹಾರಲು ಒಪ್ಪಿಗೆ ಬೇಕು, ಹಣವನ್ನೂ ಕಟ್ಟಬೇಕು. 2022ರಲ್ಲಿ ರಷ್ಯಾ ಮತ್ತು ಉಕ್ರೇನ್ ಯುದ್ಧ ಶುರುವಾಯಿತು. ಯುರೋಪಿನ ಹಲವು ದೇಶಗಳ ವಿಮಾನಗಳಿಗೆ ರಷ್ಯಾ ತನ್ನ ಆಕಾಶ ಮುಚ್ಚಿತು. ಫಿನ್‌ಲೆಂಡ್ ದೇಶದ ವಿಮಾನ ಮೊದಲು ಒಂಬತ್ತೂವರೆ ಗಂಟೆಯಲ್ಲಿ ಜಪಾನಿಗೆ ಹೋಗುತ್ತಿತ್ತು. ಆಮೇಲೆ ಸುತ್ತು ಹಾಕಿ 13 ಗಂಟೆ ಆಯಿತು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ನಮ್ಮ ದೇಶದ ವಿಮಾನಗಳಿಗೆ ಆಕಾಶ ಮುಚ್ಚಿತು. ನಾವೂ ಅವರಿಗೆ ಮುಚ್ಚಿದೆವು. ದಿಲ್ಲಿಯಿಂದ ಯುರೋಪಿಗೂ ಅಮೆರಿಕಕ್ಕೂ ಹೋಗುವ ನಮ್ಮ ವಿಮಾನಗಳು ಆಗ ದೂರದ ದಾರಿ ಹಿಡಿಯಬೇಕಾಯಿತು. ಊರುಗಳು ಇದ್ದಲ್ಲೇ ಇವೆ. ದೂರ ಮಾತ್ರ ಬೆಳೆಯಿತು.

ಈಗ ಎಲ್ಲಕ್ಕಿಂತ ತೊಡಕಿನ ವಿಷಯಕ್ಕೆ ಬರೋಣ. ಅದು ಗಡಿಯಾರ.

ಭೂಮಿ 24 ಗಂಟೆಗೆ ಒಂದು ಸುತ್ತು ತಿರುಗುತ್ತದೆ. ಒಂದು ಸುತ್ತು ಎಂದರೆ 360 ಡಿಗ್ರಿ. ಹಾಗಾದರೆ ಒಂದು ಗಂಟೆಗೆ 15 ಡಿಗ್ರಿ. ನಮಗೆ ಬೆಳಗಾದಾಗ ಎದುರು ಮಗ್ಗುಲಿನವರಿಗೆ ಸಂಜೆ. ಅದಕ್ಕೆ ಒಂದೊಂದು ದೇಶಕ್ಕೆ ಒಂದೊಂದು ಗಡಿಯಾರ. ಇಡೀ ಭಾರತಕ್ಕೆ ಒಂದೇ ಹೊತ್ತು. ಇಂಗ್ಲೆಂಡಿನ ಗ್ರೀನಿಚ್ ಎಂಬ ಊರಿನ ಹೊತ್ತಿಗಿಂತ ನಾವು ಐದೂವರೆ ಗಂಟೆ ಮುಂದೆ. ಸ್ಯಾನ್ ಫ್ರಾನ್ಸಿಸ್ಕೋ ಚಳಿಗಾಲದಲ್ಲಿ ಅದಕ್ಕಿಂತ 8 ಗಂಟೆ ಹಿಂದೆ. ಎರಡನ್ನೂ ಕೂಡಿಸಿ. ಹದಿಮೂರೂವರೆ ಗಂಟೆ. ಅಂದರೆ ನಾವು ಅವರಿಗಿಂತ ಹದಿಮೂರೂವರೆ ಗಂಟೆ ಮುಂದೆ ಇದ್ದೇವೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ನವೆಂಬರಿನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ಆ ನಡುವಿನ ತಿಂಗಳುಗಳಲ್ಲಿ ಅಂತರ ಹನ್ನೆರಡೂವರೆ ಗಂಟೆ.

ಆ 2021ರ ವಿಮಾನವನ್ನೇ ಮತ್ತೆ ನೋಡೋಣ. ಹೊರಡುವ ಹೊತ್ತು ಜನವರಿ 9, ರಾತ್ರಿ 8:30. ಬೆಂಗಳೂರಿನಲ್ಲಿ ಇಳಿದಾಗ ಜನವರಿ 11, ಬೆಳಗಿನ ಜಾವ 3 ದಾಟಿತ್ತು. ಲೆಕ್ಕಕ್ಕೆ 3 ಎಂದೇ ಇಟ್ಟುಕೊಳ್ಳೋಣ. ಹಾಗೇ ಎಣಿಸಿದರೆ ಮೂವತ್ತೂವರೆ ಗಂಟೆ ಆಗುತ್ತದೆ. ಅಷ್ಟು ಹೊತ್ತು ಹಾರಿತೇ? ಇಲ್ಲ. 8:30 ಎಂಬುದು ಅಲ್ಲಿನ ಗಡಿಯಾರ. 3 ಎಂಬುದು ಇಲ್ಲಿನ ಗಡಿಯಾರ. ಎರಡು ಬೇರೆ ಸೇರಿನಲ್ಲಿ ಅಳೆದ ಅಕ್ಕಿಯನ್ನು ಕಳೆದ ಹಾಗಾಯಿತು. ಮೂವತ್ತೂವರೆಯಲ್ಲಿ ಹದಿಮೂರೂವರೆ ಕಳೆಯಿರಿ. 17 ಗಂಟೆ. ಅದೇ ನಿಜವಾಗಿ ಹಾರಿದ ಹೊತ್ತು.

ಫೋನಿಗೂ ಇದೇ ಲೆಕ್ಕ. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ 2 ಗಂಟೆಗೆ ಊಟ ಮುಗಿಸಿ ಮಗಳಿಗೆ ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ 12:30. ಏನಾಯಿತೋ ಎಂದು ಅವರು ಗಾಬರಿಯಿಂದ ಏಳುತ್ತಾರೆ. ಬೆಳಿಗ್ಗೆ 7ಕ್ಕೆ ಮಾಡಿ. ಅಲ್ಲಿ ಹಿಂದಿನ ದಿನದ ಸಂಜೆ 5:30 ಆಗಿರುತ್ತದೆ.

ಫೋನಿನ ಹೊತ್ತು ತಪ್ಪಿದರೆ ನಿದ್ದೆ ಕೆಡುತ್ತದೆ, ಅಷ್ಟೆ. ಟಿಕೆಟ್ಟಿನ ಹೊತ್ತು ತಪ್ಪಿದರೆ ಬದುಕೇ ತಪ್ಪಬಹುದು. ನಮ್ಮ ಪಕ್ಕದ ಊರಿನ ಒಬ್ಬ ಹುಡುಗನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ತಾಯಿ ಬೀಡಿ ಕಟ್ಟಿ ಕೂಡಿಟ್ಟ ಹಣ ಸಾಲದೆ ಬಳೆ ಅಡವಿಟ್ಟರು. ಮಂಗಳೂರಿನಿಂದ ಟಿಕೆಟ್ ಆಯಿತು. ಅದರಲ್ಲಿ ‘15ನೇ ತಾರೀಕು, 00:40’ ಎಂದಿತ್ತು. ಹುಡುಗ 15ರ ರಾತ್ರಿ ಊಟ ಮಾಡಿ, ದೇವರಿಗೆ ದೀಪ ಇಟ್ಟು, ಎಲ್ಲರ ಕಾಲು ಹಿಡಿದು ಹೊರಟ. ನಿಲ್ದಾಣಕ್ಕೆ ಹೋದರೆ ಬಾಗಿಲಲ್ಲೇ ತಡೆದರು. “ನಿಮ್ಮ ವಿಮಾನ ನಿನ್ನೆ ರಾತ್ರಿಯೇ ಹೋಯ್ತಲ್ಲ” ಎಂದರು. ಟಿಕೆಟ್ಟಿನ ಹಣ ಹೋಯಿತು. ಎರಡನೇ ಟಿಕೆಟ್ಟಿಗೆ ಎರಡನೇ ಸಾಲ. ಟಿಕೆಟ್ ಮಾಡಿಕೊಟ್ಟ ಏಜೆಂಟ್ ಒಂದು ಮಾತು ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ.

ಎಲ್ಲಿ ತೊಡಕಾಯಿತು ನೋಡಿ. ನಮ್ಮ ಮಾತಿನಲ್ಲಿ ರಾತ್ರಿ ಎಂದರೆ ಬೆಳಗಾಗುವವರೆಗೂ ಅದೇ ದಿನ. ಸೂರ್ಯ ಹುಟ್ಟಿದರೆ ಮರುದಿನ. ಆದರೆ ಟಿಕೆಟ್ಟಿಗೆ ಸೂರ್ಯ ಬೇಕಿಲ್ಲ. ನಡುರಾತ್ರಿ 12 ಹೊಡೆದ ಕೂಡಲೇ ತಾರೀಕು ಬದಲು. 15ರ 00:40 ಎಂದರೆ 14ನೇ ತಾರೀಕು ರಾತ್ರಿ ಊಟ ಆದ ಮೇಲೆ ಬರುವ ನಡುರಾತ್ರಿ. ಆಮೇಲೆ ನಲವತ್ತು ನಿಮಿಷ. ಅಂದರೆ 14ರ ಸಂಜೆಯೇ ಮನೆ ಬಿಡಬೇಕು. ಬೇರೆ ದೇಶಕ್ಕೆ ಹೋಗುವವರು 3 ಗಂಟೆ ಮೊದಲೇ ನಿಲ್ದಾಣದಲ್ಲಿ ಇರಬೇಕು. ಚೀಲ ಕೊಡುವ ಕೌಂಟರನ್ನು ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ.

ಟಿಕೆಟ್ಟಿನ ಗಡಿಯಾರ 24ರವರೆಗೆ ಎಣಿಸುತ್ತದೆ. ಮಧ್ಯಾಹ್ನ 1 ಗಂಟೆಗೆ 13 ಎನ್ನುತ್ತದೆ. 12ಕ್ಕಿಂತ ದೊಡ್ಡ ಅಂಕಿ ಕಂಡರೆ 12 ಕಳೆಯಿರಿ. 18:30 ಎಂದರೆ ಸಂಜೆ 6:30. ಸೊನ್ನೆ ಸೊನ್ನೆಯಿಂದ ಶುರುವಾದರೆ ನಡುರಾತ್ರಿಯ ನಂತರದ ಹೊತ್ತು. ಅಲ್ಲಿ ತಾರೀಕನ್ನು ಎರಡು ಸಲ ಓದಿ. ಕೆಲವು ಟಿಕೆಟ್ಟಿನಲ್ಲಿ ಇಳಿಯುವ ಹೊತ್ತಿನ ಪಕ್ಕ ‘+1’ ಎಂದು ಸಣ್ಣದಾಗಿ ಬರೆದಿರುತ್ತದೆ. ಮರುದಿನ ಇಳಿಯುತ್ತೀರಿ ಎಂದು ಅದರ ಅರ್ಥ. ಕರೆದುಕೊಂಡು ಹೋಗಲು ಬರುವವರಿಗೆ ಆ ತಾರೀಕನ್ನೇ ಹೇಳಬೇಕು.

ಆ ಹುಡುಗನ ಟಿಕೆಟ್ಟಿನಲ್ಲಿ ದುಬೈ ಮುಟ್ಟುವ ಹೊತ್ತು 02:45 ಎಂದಿತ್ತು. 00:40ರಿಂದ 02:45ಕ್ಕೆ ಎರಡು ಗಂಟೆ ಐದು ನಿಮಿಷ. ಇಷ್ಟು ಬೇಗವೇ? ಮಂಗಳೂರಿನಿಂದ ದುಬೈಗೆ ಸುಮಾರು 2,450 ಕಿ.ಮೀ. ಇದೆ. ಎರಡು ಗಂಟೆಯಲ್ಲಿ ಆಗದು. ದುಬೈಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಪಶ್ಚಿಮಕ್ಕೆ ಹೋಗುವಾಗ ಗಡಿಯಾರದ ಅಂತರವನ್ನು ಕೂಡಿಸಬೇಕು. ಬರುವಾಗ ಕಳೆಯಬೇಕು. ಕೂಡಿಸಿದರೆ 3 ಗಂಟೆ 35 ನಿಮಿಷ. ಈಗ ಸರಿಹೋಯಿತು.

ಅಮೆರಿಕಕ್ಕೆ ಹೋಗುವವರಲ್ಲಿ ಹೆಚ್ಚಿನವರು ನಡುವೆ ಒಂದು ಊರಿನಲ್ಲಿ ವಿಮಾನ ಬದಲಿಸುತ್ತಾರೆ. ದುಬೈ, ದೋಹಾ, ಫ್ರಾಂಕ್‌ಫರ್ಟ್, ಲಂಡನ್, ಸಿಂಗಾಪುರ, ಹೀಗೆ. ಆಗ 17 ಗಂಟೆಯ ದಾರಿ 22, 24 ಗಂಟೆಯೂ ಆಗುತ್ತದೆ. ಕೆಲವೊಮ್ಮೆ ಇನ್ನೂ ಹೆಚ್ಚು. ವಯಸ್ಸಾದ ತಾಯಂದಿರಿಗೆ ಈ ಬದಲಿಸುವುದೇ ದೊಡ್ಡ ಭಯ. ಭಾಷೆ ಬಾರದು, ನಿಲ್ದಾಣ ಒಂದು ಪೇಟೆಯಷ್ಟು ದೊಡ್ಡದು. ಅದಕ್ಕೊಂದು ಉಪಾಯ ಇದೆ. ನಡೆಯಲು ಕಷ್ಟ ಇರುವವರು ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಬೇಕೆಂದು ಬರೆಸಬಹುದು. ನಿಲ್ದಾಣದವರೇ ಕೂರಿಸಿಕೊಂಡು ಒಂದು ವಿಮಾನದಿಂದ ಇನ್ನೊಂದಕ್ಕೆ ಮುಟ್ಟಿಸುತ್ತಾರೆ.

ನಡೆದು ಹೋಗುವವರು ಬೋರ್ಡಿಂಗ್ ಪಾಸಿನಲ್ಲಿ ಮೂರು ಅಂಕಿ ಹುಡುಕಬೇಕು. ವಿಮಾನದ ನಂಬರು, ಗೇಟಿನ ನಂಬರು, ಸೀಟಿನ ನಂಬರು. ಅದರಲ್ಲಿ ಗೇಟಿನ ನಂಬರು ಮಾತ್ರ ಕೊನೆ ಗಳಿಗೆಯಲ್ಲಿ ಬದಲಾಗಬಹುದು. ನಿಲ್ದಾಣದಲ್ಲಿ ದೊಡ್ಡ ಪರದೆಗಳು ಇರುತ್ತವೆ. ಅದರಲ್ಲಿ ನಿಮ್ಮ ವಿಮಾನದ ನಂಬರಿನ ಸಾಲನ್ನು ಹುಡುಕಿ, ಅದರ ಎದುರಿಗೆ ಇರುವ ಗೇಟನ್ನು ನೋಡಿ. ಕುಳಿತ ಮೇಲೂ ಆಗಾಗ ಎದ್ದು ಹೋಗಿ ಪರದೆ ನೋಡುತ್ತಿರಿ. ಅಲ್ಲಿರುವ ಗಡಿಯಾರ ಆ ಊರಿನದು. ನಿಮ್ಮ ಕೈಗಡಿಯಾರ ಇನ್ನೂ ಬೆಂಗಳೂರಿನದೇ ಇದ್ದರೆ ವಿಮಾನ ಇಳಿದ ಕೂಡಲೇ ತಿರುಗಿಸಿಕೊಳ್ಳಿ.